ಬಾಟಲಿ ಭಾವನ ಉಗುರು

ನನ್ನ ಅಕ್ಕನ ಗಂಡನಿಗೆ ಬೀದಿಯವರೆಲ್ಲ ಇಟ್ಟ ಹೆಸರು ಬಾಟಲಿ ಭಾವ. ಗುಜರಿಯಿಂದ ಹೊತ್ತು ತಂದ ಓಬೀರಾಯನ ಕಾಲದ ಸಾಸು, ವಿನಿಗರ್, ಸಾಸಿವೆ ಬಾಟಲಿಗಳು ಅಡುಗೆಮನೆಯ ಅಟ್ಟಣಿಗೆಯನ್ನೆಲ್ಲ ನುಂಗಿದ್ದರಿಂದ ಅಕ್ಕನ ಸಕ್ಕರೆ ಡಬ್ಬ ಮಂಚದಡಿ ಸೇರಿದೆ. ಯಾವ ಬಾಟಲಿ ಕೊಟ್ಟರೂ ಭಾವ ಕಣ್ಣು ಮುಚ್ಚಿ, ಗಾಜಿನ ಮೇಲಿನ ಅಚ್ಚಿನ ಗೆರೆಗುಂಟ ಹೆಬ್ಬೆರಳಿನ ಉಗುರು ಓಡಿಸುತ್ತಾರೆ. ಗೆರೆ ಕತ್ತಿನಲ್ಲೇ ನಿಂತರೆ, “ಬಾಯಿ ಕೈಯಲ್ಲಿ ಮಾಡಿದ್ದು ಕಣೋ, ನಿಮ್ಮ ತಾತನಿಗಿಂತ ಹಳೇದು!” ತುಟಿಯವರೆಗೂ ಹತ್ತಿದರೆ, “ಥೂ, ಯಂತ್ರದ್ದು.” ಈ ಕಣ್ಣು ಮುಚ್ಚುವ ನಾಟಕ ಕಂಡರೆ ನನಗೆ ಮೈಯೆಲ್ಲ ಉರಿ. ನಿನ್ನೆ ತಡೆಯಲಾರದೆ, “ಕಣ್ಣು ಬಿಟ್ಟು ನೋಡಿ ಹೇಳ್ರೀ ಭಾವ! ದೇವರು ಅದನ್ನ ಕೊಟ್ಟಿರೋದು ಯಾತಕ್ಕೆ?” ಎಂದು ರೇಗಿದೆ. ಕಣ್ಣು ಬಿಟ್ಟರು. ನನ್ನ ಕಿವಿಯ ಪಕ್ಕದ ಗೋಡೆಯತ್ತ ಮುಖ ಮಾಡಿ, ಕೈಯಲ್ಲಿದ್ದ ಬಾಟಲಿ ಎತ್ತಿ, “ಇದು ಯಾವ ಬಣ್ಣ, ಹೇಳು?” ಎಂದರು. ತಮಾಷೆ ಅಂದುಕೊಂಡು ಅವರ ಮುಖದೆದುರು ಕೈಯಾಡಿಸಿದೆ. ರೆಪ್ಪೆ ಅಲುಗಲಿಲ್ಲ. ಅವರು ದನಿ ತಗ್ಗಿಸಿ, “ನಿಮ್ಮಕ್ಕನಿಗೆ ಹೇಳಬೇಡ ಕಣಯ್ಯ. ಒಡೆದು ಕೈ ಕುಯ್ದುಕೊಳ್ತೀನಿ ಅಂತ ಎಲ್ಲಾನೂ ಗುಜರಿಗೇ ವಾಪಸ್ ಹಾಕಿಬಿಡ್ತಾಳೆ,” ಎಂದು ಬಾಟಲಿಯನ್ನು ಎದೆಗವಚಿಕೊಂಡರು. “ಹಸಿರು, ಭಾವ,” ಎಂದೆ. “ಎಂಥ ಹಸಿರು?” ಎಂದು ಕೇಳಿದರು. ಬಾಟಲಿಯನ್ನು ಮೆಲ್ಲಗೆ ಅವರಿಂದ ಬಿಡಿಸಿಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ.