ಜೂಲಿ ಮಾವ್ಶಿ ಬಿಡಿಸಿದ ಇಲಿ

ಮೊನ್ನೆ ಉಡುಪಿಯಲ್ಲಿ ಬಲ್ಬು ಕೊಳ್ಳಲು ಹೊಕ್ಕ ಅಂಗಡಿಯೊಂದರಲ್ಲಿ, ಪಕ್ಕದ ಗಿರಾಕಿಗೆ ತೋರಿಸಲೆಂದು ಅಂಗಡಿಯವರು ಪುಸ್ತಕದಂತೆ ಮಡಚಿದ್ದ ಒಂದು ರಟ್ಟನ್ನು ಬಿಡಿಸಿದರು. ಒಳಗೆ ಪೂರ್ತಿ ಜೇನುಬಣ್ಣದ ಅಂಟು. ಇಲಿ ಹಿಡಿಯುವ ಅಂಟಿನ ಹಲಗೆ. ಹುರಿದ ನೆಲಗಡಲೆಯೂ ಹೊಸ ರಬ್ಬರಿನ ಚಪ್ಪಲಿಯೂ ಬೆರೆತಂಥ ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಲ್ಬನ್ನು ಮರೆತು ನಿಂತುಬಿಟ್ಟೆ. ಇಷ್ಟು ವರ್ಷಗಳ ಮೇಲೂ ಎದೆ ಚಿಕ್ಕಂದಿನಂತೆಯೇ ಡವಡವ ಹೊಡೆದುಕೊಂಡಿತು. ಹೆದರಿಕೆಯಿಂದಲ್ಲ. ಏನೋ ಆಗುತ್ತಾ ಉಂಟು, ಬೇಗ ಓಡಿ ಬಾ ಎಂದು ಒಳಗಿನಿಂದ ಯಾರೋ ಕರೆದಾಗ ಮಕ್ಕಳಿಗೆ ಆಗುತ್ತದಲ್ಲ, ಅಂಥ ಸಡಗರ. ನಾನು ಬೆಳೆದ ಕಾಪುವಿನ ಮನೆ ಈಗ ಇಲ್ಲ. ಕರೆಯುವವರೂ ಇಲ್ಲ. ನಿಮಗೂ ಅಂಥ ಒಂದು ಮನೆ ಇದ್ದಿದ್ದರೆ, ಜನ ತುಂಬಿದ ಅಂಗಡಿಯ ನಡುವೆ ಹಾಗೆ ನಿಂತುಬಿಡುವುದು ಎಂಥದೆಂದು ನಾನು ಹೇಳಬೇಕಾಗಿಲ್ಲ.

ಮನೆ ಪೇಟೆಯಿಂದ ಸ್ವಲ್ಪ ಒಳಗೆ, ಗದ್ದೆಯ ಅಂಚಿನಲ್ಲಿತ್ತು. ಅಪ್ಪ ಅಮ್ಮ ಕುವೈಟಿನಲ್ಲಿದ್ದುದರಿಂದ ನಾನು ಅಜ್ಜಿಯ ಹತ್ತಿರ ಬೆಳೆದೆ. ಅಜ್ಜಿಯನ್ನು ಮಾಂಯ್ ಎಂದು ಕರೆಯುತ್ತಿದ್ದೆ, ಅಮ್ಮನ ತಂಗಿ ಜೂಲಿಯಾನಾಳನ್ನು ಮಾವ್ಶಿ ಎಂದು. ನಮ್ಮ ಮನೆಮಾತು ಕೊಂಕಣಿ, ಅಂಗಳಕ್ಕೆ ಇಳಿದರೆ ತುಳು. ಅವರೆಲ್ಲ ಅಂದು ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ದನಿ ಮಾತ್ರ ಕಿವಿಯಲ್ಲಿ ಹಾಗೆಯೇ ಉಂಟು. ಮಾವ್ಶಿ ಮದುವೆಯಾಗಿರಲಿಲ್ಲ. ಆದರೆ ಸುತ್ತಮುತ್ತಲಿನ ಎಷ್ಟೋ ಮದುವಣಗಿತ್ತಿಯರು ಇಗರ್ಜಿಯ ಮೆಟ್ಟಿಲು ಹತ್ತಿದ್ದು ಅವಳು ಹೊಲಿದ ಬಿಳಿ ಗೌನಿನಲ್ಲಿ. ಮನೆಯ ಮುಂದಿನ ಚಾವಡಿಯ ಪಕ್ಕದ ಕೋಣೆಯೇ ಅವಳ ಹೊಲಿಗೆಯ ಕೋಣೆ. ಕಿಟಕಿಯ ಬಳಿ ಮೆಷಿನು, ಮೂಲೆಯಲ್ಲಿ ಲೇಸಿನ ತುಂಡುಗಳ ರಟ್ಟಿನ ಪೆಟ್ಟಿಗೆ, ಹೆಂಚಿನ ಮಾಡಿನ ಅಡ್ಡಪಟ್ಟಿಗೆ ಕಟ್ಟಿದ ಕೋಲಿನಿಂದ ಇಳಿಬಿಟ್ಟ ಗೌನುಗಳು, ಅವುಗಳ ಮೇಲೆ ಧೂಳು ಬೀಳದಂತೆ ಮಾಂಯಿಯ ಹಳೆಯ ಸೀರೆ. ಆ ಕೋಣೆಗೆ ಹೋಗುವ ಮೊದಲು ನಾನು ಕೈ ತೊಳೆದು, ಮಾವ್ಶಿಗೆ ತೋರಿಸಿ, ಅವಳು ಮೂಸಿ ನೋಡಿದ ಮೇಲೆ ಹೋಗಬೇಕಿತ್ತು.

ಕಾಪುವಿನ ಚಳಿ ಎಂದರೆ ಘಟ್ಟದವರು ನಗುತ್ತಾರೆ. ಆದರೂ ಡಿಸೆಂಬರಿನ ಬೆಳಿಗ್ಗೆ ನಮ್ಮ ಸಿಮೆಂಟಿನ ನೆಲ ಕಾಲಿಗೆ ಜುಮ್ಮೆನ್ನುತ್ತಿತ್ತು, ತೆಂಗಿನೆಣ್ಣೆ ಬಾಟಲಿಯಲ್ಲಿ ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಗದ್ದೆಯ ಕೊಯ್ಲು ಮುಗಿದು ಬರೀ ಕೂಳೆ ಉಳಿದಿರುತ್ತಿತ್ತು. ಒಳಗೆ ಮಾಂಯ್ ಕ್ರಿಸ್ಮಸ್ಸಿನ ಕುಸ್ವಾರ್ ಶುರುಮಾಡಿರುತ್ತಿದ್ದಳು: ಎಳ್ಳು ಬೆಲ್ಲ ತುಂಬಿದ ನೆವ್ರಿ, ಫೋರ್ಕಿನ ಹಲ್ಲಿನ ಮೇಲೆ ಸುರುಳಿ ಸುತ್ತಿದ ಕಿಡಿಯೊ. ಕರಿಯುವ ಎಣ್ಣೆಯ ಪರಿಮಳ ಮನೆ ತುಂಬಿ ಗದ್ದೆಗೂ ಹರಿಯುತ್ತಿತ್ತು. ಹೊರಗೆ ತಿನ್ನಲು ಏನೂ ಇಲ್ಲದ ಒಂದು ಇಲಿ ಆ ಪರಿಮಳ ಹಿಡಿದು ಒಳಗೆ ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅದು ಬಂದದ್ದು ಗೊತ್ತಾದದ್ದು ಮಾವ್ಶಿಯ ಕೂಗಿನಿಂದ. ನಾನು ಓಡಿಹೋಗಿ ನೋಡಿದರೆ ಅವಳು ಮೆಷಿನಿನ ಸ್ಟೂಲಿನ ಮೇಲೆ ನಿಂತಿದ್ದಳು. ಲೇಸಿನ ಪೆಟ್ಟಿಗೆಯ ಮೂಲೆಗೆ ತೂತು ಬಿದ್ದಿತ್ತು. ನೆಲದ ಮೇಲೆ ಬಿಳಿ ಚೂರುಗಳು ಹೂವಿನ ಎಸಳಿನಂತೆ ಉದುರಿದ್ದವು. ಅಲ್ಲಿಂದಲೇ ನನ್ನ ಕೈಯಲ್ಲಿ ಗೌನುಗಳನ್ನು ಒಂದೊಂದಾಗಿ ನೋಡಿಸಿದಳು. ಹಬ್ಬ ಕಳೆದ ಮೇಲೆ ಮದುವೆಯಿದ್ದ ಲವೀನಾಳ ಗೌನು ಎಲ್ಲಕ್ಕಿಂತ ಉದ್ದ, ಅದರ ಅಂಚು ನೆಲಕ್ಕೆ ಮುಟ್ಟುವಂತಿತ್ತು. ಅದಕ್ಕೆ ಏನೂ ಆಗಿರಲಿಲ್ಲ. ಮಾವ್ಶಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. "ಇವತ್ತು ಪೆಟ್ಟಿಗೆ, ನಾಳೆ ಗೌನು," ಎಂದಳು. "ಆ ಹುಡುಗಿಗೆ ನಾನು ಎಂತ ಮುಖ ತೋರಿಸ್ಲಿ?"

ಪಕ್ಕದ ಮನೆಯ ಸಂಜೀವಣ್ಣ ಆಟೋ ಓಡಿಸುತ್ತಿದ್ದರು. ಸುದ್ದಿ ಕೇಳಿ ಬಂದು, ಬಾಗಿಲಲ್ಲೇ ನಿಂತು, ಪಾಷಾಣ ಇಟ್ಟರೆ ಒಂದೇ ದಿನದ ಕೆಲಸ ಎಂದರು. "ಪಾಷಾಣ ತಿಂದು ಅದು ಮಾಡಿನ ಒಳಗೆ ಎಲ್ಲಿಯಾದರೂ ಸತ್ತರೆ ಹಬ್ಬಕ್ಕೆ ಹೆಣದ ವಾಸನೆಯಾ?" ಎಂದು ಮಾಂಯ್ ಒಪ್ಪಲಿಲ್ಲ. ಆಗ ಅವರು ಉಡುಪಿಯಿಂದ ತಂದದ್ದು ಆ ಅಂಟಿನ ಹಲಗೆ. ಇದು ಹೊಸತು, ರಕ್ತ ಇಲ್ಲ, ವಿಷ ಇಲ್ಲ ಎಂದು ಹೇಳಿ ಮೆಷಿನಿನ ಕೆಳಗೆ ಇಟ್ಟುಹೋದರು. ಅದರಲ್ಲಿ ಸಿಕ್ಕಿಬಿದ್ದ ಮೇಲೆ ಇಲಿಗೆ ಏನಾಗುತ್ತದೆಂದು ನಾವ್ಯಾರೂ ಯೋಚಿಸಲಿಲ್ಲ. ಗೌನು ಉಳಿದರೆ ಸಾಕಿತ್ತು.

ಮರುದಿನ ಬೆಳಿಗ್ಗೆ ನಾನೇ ಮೊದಲು ನೋಡಿದ್ದು. ಹಲಗೆಯ ನಡುವೆ ಕಂದು ಬಣ್ಣದ ಸಣ್ಣ ಉಂಡೆಯೊಂದು ಇತ್ತು. ಇಲಿ ಎಂದರೆ ಹೆಗ್ಗಣ ಎಂದು ಊಹಿಸಿಕೊಂಡಿದ್ದ ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ನನ್ನ ಅಂಗೈಯ ಅರ್ಧದಷ್ಟೂ ಇರಲಿಲ್ಲ ಅದು. ಗದ್ದೆಯ ಇಲಿ. ಒಂದು ಪಕ್ಕೆ, ಎರಡು ಕಾಲು, ಬಾಲ ಪೂರ್ತಿ ಅಂಟಿಕೊಂಡಿದ್ದವು. ಜಗ್ಗಿ ಜಗ್ಗಿ ಸೋತಿತ್ತು. ಹೊಟ್ಟೆ ಮಾತ್ರ ಬಿಡುವಿಲ್ಲದೆ ಏರಿಳಿಯುತ್ತಿತ್ತು. ಮಾವ್ಶಿ ಬಂದು ಬಗ್ಗಿ ನೋಡಿದಳು, ಬಹಳ ಹೊತ್ತು. ಸಂಜೀವಣ್ಣನನ್ನು ಕರೆದಾಗ ಅವರು ಬಕೆಟಿಗೆ ನೀರು ತುಂಬಿ ಎಂದರು. "ಹಲಗೆ ಸಮೇತ ಮುಳುಗಿಸಿದರೆ ಆಯ್ತು. ಇಲ್ಲದಿದ್ದರೆ ಹಾಗೆಯೇ ಮಡಚಿ ಕಸಕ್ಕೆ ಹಾಕಿ, ಮಧ್ಯಾಹ್ನಕ್ಕೆ ಸಾಯ್ತದೆ."

"ಜೀವ ಇರುವಾಗಲೇ ಮಡಚುವುದಾ?" ಎಂದು ಕೇಳಿದಳು ಮಾವ್ಶಿ. "ಇಟ್ಟದ್ದು ನಾವು. ನಮಗೆ ಗೊತ್ತಿರಲಿಲ್ಲ, ಸರಿ. ಈಗ ಗೊತ್ತಾಯ್ತಲ್ಲ."

"ಬಿಡಿಸ್ಲಿಕ್ಕೆ ಆಗುವುದಿಲ್ಲ ಜೂಲಿಯಕ್ಕ, ಎಳೆದರೆ ಚರ್ಮವೇ ಬರ್ತದೆ."

ಆ ಕ್ಷಣದಲ್ಲಿ ನನ್ನ ಬಾಯಿಯಿಂದ ಮಾತು ಹೊರಬಂತು, ಹೇಗೆಂದು ಇವತ್ತಿಗೂ ತಿಳಿಯದು: "ಹಲಸಿನ ಮೇಣಕ್ಕೆ ಎಣ್ಣೆ ಹಚ್ತೇವಲ್ಲ ಮಾಂಯ್?" ಎಲ್ಲರೂ ನನ್ನ ಕಡೆ ತಿರುಗಿದರು. ಬೇಸಗೆಯಲ್ಲಿ ಹಲಸಿನಹಣ್ಣು ಬಿಡಿಸುವಾಗ ಕೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಿಕೊಳ್ಳದ ಮನೆ ನಮ್ಮೂರಲ್ಲಿ ಇಲ್ಲ. ಅಡುಗೆಮನೆಯಿಂದ ಬಂದು ನಿಂತಿದ್ದ ಮಾಂಯ್ ಕೈಯ ಸೌಟು ಕೆಳಗಿಟ್ಟಳು. "ಹುಡುಗಿ ಹೇಳುವುದು ಸರಿ," ಎಂದವಳೇ ಗಟ್ಟಿಯಾಗಿದ್ದ ಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿ ಇಳಿಸಿದಳು. ನನಗೆ ಆದ ಸಂತೋಷವನ್ನು ಎಲ್ಲಿಡಲಿ? ಅಡುಗೆಮನೆಗೂ ಹೊಲಿಗೆಯ ಕೋಣೆಗೂ ನಾನು ಹಾರಿಕೊಂಡೇ ಓಡಾಡಿದೆ.

ಮಾವ್ಶಿ ಹಲಗೆಯನ್ನು ಚಾವಡಿಯ ಬಿಸಿಲಿಗೆ ತಂದಿಟ್ಟಳು, ಹೊಲಿಗೆಯ ಕೋಣೆಯ ಬಾಗಿಲು ಮುಚ್ಚಿಸಿದಳು, ಗೌನಿನ ಕಡೆಗೆ ಎಣ್ಣೆಯ ಗಾಳಿಯೂ ಹೋಗಬಾರದೆಂದು. ಮಾಂಯ್ ಹೇಳಿದಂತೆ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಳು. ಹೆದರಿಕೆ ಕಡಿಮೆಯಾಗಲೆಂದು ಇಲಿಯ ತಲೆಯ ಮೇಲೆ ಕರಿ ಬಟ್ಟೆಯ ತುಂಡು ಹೊದಿಸಿದಳು. ಆಮೇಲೆ ಮೆಷಿನಿನ ಧೂಳು ತೆಗೆಯುವ ಸಣ್ಣ ಬ್ರಷ್ಷನ್ನು ಉಗುರುಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ, ಅಂಟಿಗೂ ಕೂದಲಿಗೂ ನಡುವೆ ಒಂದೊಂದೇ ತೊಟ್ಟು ಇಳಿಸತೊಡಗಿದಳು. ತಪ್ಪಿದ ಹೊಲಿಗೆ ಬಿಚ್ಚುವಾಗ ಬಟ್ಟೆ ಹರಿಯದಂತೆ ಹೇಗೆ ಮಾಡುತ್ತಿದ್ದಳೋ ಹಾಗೆ. ಒಂದು ಮುಂಗಾಲು ಬಿಟ್ಟಿತು. ಬಿಟ್ಟ ಕಡೆ ಮತ್ತೆ ಅಂಟದಂತೆ ಮಾಂಯ್ ಹಳೆಯ ರಟ್ಟಿನ ಚೂರು ತೂರಿಸಿದಳು. ಸಂಜೀವಣ್ಣ ಬಾಡಿಗೆಗೆ ಹೋಗಬೇಕಿತ್ತು, ಹೋಗಲಿಲ್ಲ, ಜಗಲಿಯಲ್ಲಿ ಕೂತು, "ಈಗ ಎಂತ ಆಯ್ತು? ಬಾಲ ಬಂತಾ?" ಎಂದು ಕೇಳುತ್ತಲೇ ಇದ್ದರು.

ಆಗ ಲವೀನಾ ಮತ್ತು ಅವಳ ತಾಯಿ ಟ್ರಯಲ್ ನೋಡಲು ಬಂದರು. ಮಾವ್ಶಿ ಅದನ್ನು ಮರೆತೇಬಿಟ್ಟಿದ್ದಳು. ಮೊಣಕೈವರೆಗೆ ಎಣ್ಣೆ, ಮುಂದೆ ಅಂಟು, ಅದರ ಮೇಲೆ ಇಲಿ. ಅವಳ ಮುಖ ಸುಣ್ಣದ ಹಾಗಾಯಿತು. ತಾಯಿ ಅಂಗಳದಲ್ಲೇ ಸೆರಗು ಮೂಗಿಗೆ ಹಿಡಿದು ನಿಂತುಬಿಟ್ಟರು. "ಇಂಥ ಮನೆಯಲ್ಲಿಯಾ ನನ್ನ ಮಗಳ ಗೌನು ಇರುವುದು?" ಎಂದು ಕೇಳಿದರು. ಆ ಗೌನು ಹಿಂದಕ್ಕೆ ಹೋದರೆ ಊರಲ್ಲಿ ಇನ್ನೊಬ್ಬರು ಮಾವ್ಶಿಗೆ ಬಟ್ಟೆ ಕೊಡುತ್ತಿರಲಿಲ್ಲ, ಅದು ನನಗೂ ಗೊತ್ತಿತ್ತು. ಮಾವ್ಶಿ ಬ್ರಷ್ ಕೆಳಗಿಡಲಿಲ್ಲ. "ಈಗ ಬಿಟ್ಟರೆ ಇದು ಸಾಯ್ತದೆ ಅಮ್ಮಾ. ಸ್ವಲ್ಪ ಹೊತ್ತು ಕೂತುಕೊಳ್ಳಿ. ಗೌನು ಒಳಗೆ ಉಂಟು, ಒಂದು ಚುಕ್ಕೆ ಬಿದ್ದಿಲ್ಲ, ನೀವೇ ನೋಡಿ," ಎಂದಳು.

ಲವೀನಾ ನರ್ಸು. ಚಪ್ಪಲಿ ಬಿಟ್ಟು ಒಳಗೆ ಬಂದು, ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು, ಮಾವ್ಶಿಯ ಎದುರು ಮೊಣಕಾಲೂರಿದಳು. "ನಾನು ಹಿಡ್ಕೊಳ್ತೇನೆ ಜೂಲಿಬಾಯಿ, ನೀವು ಎಣ್ಣೆ ಹಾಕಿ," ಎಂದಳು. ಬಟ್ಟೆಯ ಮೇಲಿನಿಂದ ಇಲಿಯ ಮೈಯನ್ನು ಎರಡು ಬೆರಳಲ್ಲಿ ಅದೆಷ್ಟು ಹಗುರವಾಗಿ ಹಿಡಿದಳೆಂದರೆ ಅದು ಜಗ್ಗುವುದನ್ನೇ ನಿಲ್ಲಿಸಿತು. ಪಕ್ಕೆ ಬಿಟ್ಟಿತು. ಹಿಂಗಾಲು ಬಿಟ್ಟಿತು. ಕೊನೆಗೆ ಬಾಲ ದಾರದಂತೆ ಎದ್ದು ಬಂದಾಗ, ಅಂಗಳದಲ್ಲಿ ಮೂಗು ಮುಚ್ಚಿಕೊಂಡಿದ್ದ ಆ ತಾಯಿಯೇ "ಬಂತು, ಬಂತು" ಎಂದು ಮೆಟ್ಟಿಲು ಹತ್ತಿ ಬಂದಿದ್ದರು. ನಾನು ಕುಣಿದೆ. ಮಾವ್ಶಿ ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಎಣ್ಣೆ ಬಳಿದುಕೊಂಡಳು.

ಎಣ್ಣೆಯಲ್ಲಿ ನೆಂದ ಮೈಗೆ ಚಳಿ ಹಿಡಿಯುತ್ತದೆಂದು ಲವೀನಾ ಎಚ್ಚರಿಸಿದಳು. ಅಕ್ಕಿಹಿಟ್ಟು ಉದುರಿಸಿ ಒರೆಸಿ, ಮತ್ತೆ ಉದುರಿಸಿ ಒರೆಸಿ, ಅದನ್ನು ಆಳವಾದ ಬಕೆಟಿಗೆ ಇಳಿಸಿದೆವು. ಒಳಗೆ ಒಣಹುಲ್ಲು, ಲೇಸಿನ ಚೂರು, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಮೇಲೆ ತೂತಿನ ತಟ್ಟೆ. ಕೈಗಳನ್ನು ಸೋಪು ಹಾಕಿ ತೊಳೆಯದೆ ಮಾಂಯ್ ಯಾರನ್ನೂ ಬಿಡಲಿಲ್ಲ. ಆಮೇಲೆ ಟ್ರಯಲ್ ನಡೆಯಿತು. ಗೌನು ತೊಟ್ಟು ಹೊರಬಂದ ಲವೀನಾ ಮೊದಲು ಹೋದದ್ದು ಕನ್ನಡಿಯ ಹತ್ತಿರವಲ್ಲ. ಅಂಚನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದೂರದಿಂದಲೇ ಬಕೆಟಿಗೆ ಇಣುಕಿದಳು. ಇಲಿ ಹುಲ್ಲಿನೊಳಗೆ ಕೂತು ಅನ್ನದ ಅಗುಳನ್ನು ಎರಡು ಕೈಯಲ್ಲಿ ಹಿಡಿದು ತಿನ್ನುತ್ತಿತ್ತು.

ಮರುದಿನ ಅದು ಬಕೆಟಿನ ಗೋಡೆ ಹತ್ತಲು ನೋಡುತ್ತಿತ್ತು. ಇನ್ನು ಬಿಡಬೇಕು, ಆದರೆ ಎಲ್ಲಿ? ನಮ್ಮ ಗದ್ದೆ ಬೋಳಾಗಿತ್ತು, ಗಿಡುಗಗಳು ಸುತ್ತುತ್ತಿದ್ದವು, ಹತ್ತಿರ ಬಿಟ್ಟರೆ ಕುಸ್ವಾರಿಗೆ ವಾಪಸು ಬರುತ್ತಿತ್ತು. ಜಗಲಿಯಲ್ಲಿ ಕೂತಿದ್ದ ಸಂಜೀವಣ್ಣ ಕೆಮ್ಮಿದರು. "ಶಿರ್ವದ ದಾರಿಯಲ್ಲಿ ನನ್ನ ಅಕ್ಕನ ಮನೆ ಉಂಟು. ದನದ ಹಟ್ಟಿಯ ಹಿಂದೆ ಹುಲ್ಲಿನ ರಾಶಿ, ಪೊದೆ ಎಲ್ಲ ಉಂಟು. ಅಲ್ಲಿ ಬಿಡುವ." ಭತ್ತ ತಿಂದರೆ ಎಂದು ಮಾವ್ಶಿ ಕೇಳಿದ್ದಕ್ಕೆ, "ತಿನ್ನಲಿ ಮಾರಾಯ್ರೆ, ಅದರ ಹೊಟ್ಟೆಗೆ ಎಷ್ಟು ಹಿಡಿಸ್ತದೆ?" ಎಂದು ಆಟೋ ಹೊರಡಿಸಿದರು.

ಮಾಂಯ್, ಮಾವ್ಶಿ, ನಾನು ಮೂವರೂ ಹಿಂದೆ ಕೂತು, ಬಕೆಟನ್ನು ನನ್ನ ಮೊಣಕಾಲುಗಳ ನಡುವೆ ಇಟ್ಟುಕೊಂಡೆವು. ರಸ್ತೆಯಲ್ಲಿ ಹಂಪು ಬಂದಲ್ಲೆಲ್ಲ ಸಂಜೀವಣ್ಣ ಬಸುರಿಯನ್ನು ಕೂರಿಸಿಕೊಂಡವರಂತೆ ನಿಧಾನ ಮಾಡಿದರು. ಹುಲ್ಲಿನ ರಾಶಿಯ ಬುಡದಲ್ಲಿ ಬಕೆಟನ್ನು ಮಲಗಿಸಿದಾಗ ಇಲಿ ಹೊರಗೆ ಬರಲೇ ಇಲ್ಲ. ನಾವು ಹಿಂದೆ ಸರಿದೆವು. ಮೀಸೆ ಕಾಣಿಸಿತು, ಮತ್ತೆ ಒಳಗೆ ಹೋಯಿತು. "ಹೋಗು ಮಗಾ," ಎಂದಳು ಮಾವ್ಶಿ, ನನ್ನನ್ನು ಶಾಲೆಗೆ ಕಳಿಸುವ ದನಿಯಲ್ಲೇ. ಒಂದು ಕಂದು ಗೆರೆ ಹುಲ್ಲಿನೊಳಗೆ ಎಳೆದಂತಾಯಿತು, ಅಷ್ಟೇ. ಸಂಜೀವಣ್ಣ ಚಪ್ಪಾಳೆ ತಟ್ಟಿದರು, ಆಮೇಲೆ ನಾಚಿಕೊಂಡರು.

ಆ ಹಬ್ಬದಷ್ಟು ಸಂತೋಷದ ಹಬ್ಬ ನನಗೆ ಮತ್ತೆ ಸಿಗಲಿಲ್ಲ. ಮಾವ್ಶಿ ಲೇಸನ್ನೆಲ್ಲ ತಗಡಿನ ಟ್ರಂಕಿಗೆ ತುಂಬಿದಳು, ಸಂಜೀವಣ್ಣ ಗೋಡೆಯ ಬಿಲಗಳಿಗೆ ಸಿಮೆಂಟು ಮೆತ್ತಿದರು, ಸಂತೆಯಿಂದ ಇಲಿಯನ್ನು ಜೀವಂತ ಹಿಡಿಯುವ ಮರದ ಬೋನೊಂದು ಬಂತು. ಆಮೇಲೆ ಯಾವ ಚಳಿಗಾಲದಲ್ಲಿ ಇಲಿ ಸಿಕ್ಕಿದರೂ ಆಟೋ ಶಿರ್ವದ ದಾರಿ ಹಿಡಿಯುತ್ತಿತ್ತು. ಮದುವೆಯ ದಿನ ಲವೀನಾ ಕೇಕು ಕೊಯ್ದ ಮೇಲೆ ನನ್ನ ಕಿವಿಯಲ್ಲಿ, "ಅದು ಹೇಗುಂಟು?" ಎಂದು ಕೇಳಿದ್ದಳು.

ಮಾಂಯ್ ಹೋದಳು. ಸಂಜೀವಣ್ಣ ಹೋದರು. ಗದ್ದೆಗೆ ಕೆಂಪು ಮಣ್ಣು ತುಂಬಿ ಕಟ್ಟಡಗಳು ಎದ್ದವು, ಹೊಲಿಗೆಯ ಕೋಣೆ ಇದ್ದಲ್ಲಿ ಈಗ ವಾಹನ ನಿಲ್ಲಿಸುತ್ತಾರೆ. ಕಾಯಿಲೆ ಬಿದ್ದ ಮಾವ್ಶಿ ತನ್ನ ಕೊನೆಯ ಡಿಸೆಂಬರನ್ನು ಮಣಿಪಾಲದ ನನ್ನ ಫ್ಲ್ಯಾಟಿನಲ್ಲಿ ಕಳೆದಳು. ಒಂದು ಸಂಜೆ ಕಿಟಕಿಯ ಬಳಿ ಕೂತು, "ಇಲ್ಲಿ ಇಲಿ ಬರುವುದಿಲ್ವಾ?" ಎಂದು ಕೇಳಿದಳು. ಇಷ್ಟು ಮೇಲಿನ ಮಹಡಿಗೆ ಬರುವುದಿಲ್ಲ, ಊರಲ್ಲೂ ಈಗ ಗದ್ದೆ ಇಲ್ಲವಲ್ಲ ಎಂದೆ. ಅವಳು ಕೆಳಗಿನ ದೀಪಗಳನ್ನು ನೋಡಿದಳು.

"ಹಾಗಾದರೆ ಈ ಚಳಿಗೆ ಅವು ಎಲ್ಲಿಗೆ ಹೋಗ್ತಾವೆ ಪುತಾ?"

ನಾನು ಅವಳ ಕಾಲಿನ ಮೇಲೆ ಇನ್ನೊಂದು ಚಾದರ ಹೊದಿಸಿ ಪಕ್ಕದಲ್ಲಿ ಕೂತೆ.