ಇಂಟರ್‌ವಲ್ ಆದಮೇಲಿನ ಸಿನಿಮಾ

ರವಿಕೆಗೆ ತಂದ ಬಟ್ಟೆ ಸಾಲದೆ ಹೋದರೆ ನಾವು ಹೊಲಿಯುವವರು ಒಂದು ಕೆಲಸ ಮಾಡುತ್ತೇವೆ. ಕಂಕುಳ ಕೆಳಗೆ ಬೇರೆ ತುಂಡು ಸೇರಿಸುತ್ತೇವೆ. ಬಣ್ಣ ಹೊಂದಿದರೆ ತೊಟ್ಟವರಿಗೂ ತಿಳಿಯುವುದಿಲ್ಲ. ತೋಳೆತ್ತಿಸಿ ಅಲ್ಲಿಯೇ ಕಣ್ಣಿಟ್ಟು ನೋಡಬೇಕು, ಹಾಗೆ ನೋಡುವಷ್ಟು ಪುರುಸೊತ್ತು ನಂಜನಗೂಡಿನಲ್ಲಿ ಯಾರಿಗೂ ಇಲ್ಲ. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಹೊಲಿಯುತ್ತಿದ್ದೇನೆ. ಹೀಗೆ ಎಷ್ಟು ತುಂಡು ಸೇರಿಸಿದ್ದೇನೋ, ಯಾವುದಕ್ಕೂ ನನ್ನ ನಿದ್ದೆ ಕೆಟ್ಟಿಲ್ಲ. ಆದರೆ ಸೂಜಿ ಹಿಡಿಯುವುದಕ್ಕೂ ಮುಂಚೆ, ಹತ್ತು ವರ್ಷದವಳಿದ್ದಾಗ, ಒಂದು ಸಿನಿಮಾಕ್ಕೆ ತುಂಡು ಸೇರಿಸಿದೆ. ಅದನ್ನು ತೊಟ್ಟವನು ನನ್ನ ತಮ್ಮ ಮಹದೇವ. ಇನ್ನೂ ಬಿಚ್ಚಿಟ್ಟಿಲ್ಲ.

ಆಗ ಒಬ್ಬ ಫೈಟಿಂಗ್ ನಟನಿದ್ದ. ಅವನ ಸಿನಿಮಾ ಎಂದರೆ ಒಡೆಯುವ ಗಾಜು, ಮುರಿಯುವ ಕುರ್ಚಿ, ಹಾರಿಬೀಳುವ ಹತ್ತು ಜನ. ಮಹದೇವನಿಗೆ ಅವನೆಂದರೆ ಜೀವ. ಹೆಮ್ಮಿಗೆಯ ನಮ್ಮ ತೌರುಮನೆಯ ಹಿತ್ತಿಲಿನಲ್ಲಿ ತಮ್ಮನ ಏಟು ತಿನ್ನದ ಬಾಳೆದಿಂಡು ಇರಲಿಲ್ಲ. ಆ ನಟ ಒಂದೇ ಒಂದು ಸಲ ಸಂಸಾರದ ತಮಾಷೆ ಸಿನಿಮಾ ಮಾಡಿದ. ಅದರಲ್ಲಿ ಅವನು ಮನೆ ಅಳಿಯ. ಹೆಂಡತಿಯ ಅಜ್ಜಿ ಮದುವೆಯ ದಿನವೇ, ಯಾರ ಮೇಲೂ ಕೈ ಎತ್ತಕೂಡದು ಎಂದು ಆಣೆ ಹಾಕಿಸುತ್ತಾಳೆ. ಎತ್ತಿನ ಭುಜದ ಆ ಮನುಷ್ಯ ಮಕ್ಕಳಿಗೆ ಜಡೆ ಹಾಕುತ್ತಾನೆ. ಜಡೆ ಬಾವಿಹಗ್ಗದ ಹಾಗೆ ಬಿಗಿದುಕೊಂಡು ನೆಟ್ಟಗೆ ನಿಲ್ಲುತ್ತದೆ.

ಸಿನಿಮಾ ನರಸೀಪುರಕ್ಕೆ ಬಂದಾಗ ಸೋದರಮಾವ ಸೈಕಲ್ ತಂದ. "ಒಬ್ರುನ್ನೇ ಕರ್ಕೊಂಡೋಗಾದು. ಇಬ್ರು ಕೂತ್ರೆ ರಿಮ್ಮು ಬೆಂಡಾಯ್ತದೆ" ಎಂದ. ಹಿಂದಿನ ಸಲ ನಾನು ಹೋಗಿದ್ದೆ. ಈ ಸಲ ಮಹದೇವನ ಸರದಿ. ಏಳು ವರ್ಷದವನು, ಬೆಳಗ್ಗೆಯೇ ಎದ್ದು ನೀರೊಲೆಯ ಮುಂದೆ ಕೂತು, ಹಂಡೆ ಬೇಗ ಕಾಯಲಿ ಎಂದು ತೆಂಗಿನ ಗರಿ ತುರುಕುತ್ತಿದ್ದ. ಉರಿಗೆ ಮುಖವೆಲ್ಲ ಕೆಂಪಾಗಿತ್ತು. ನನಗೆ ಆಗ ಬುದ್ಧಿ ಓಡಿತು. ಶಾಲೆಯಲ್ಲಿ ಎಂದೂ ಅಷ್ಟು ಚುರುಕಾಗಿ ಓಡಿದ್ದಿಲ್ಲ, ಓಡಿದ್ದರೆ ಏಳನೇ ಕ್ಲಾಸಿಗೇ ನಿಲ್ಲುತ್ತಿರಲಿಲ್ಲ.

"ಅವ್ವ, ಮಾದೇವನ ಮೈ ಕೆಂಡ ಆಗದೆ, ಮುಟ್ಟಿ ನೋಡು!"

ಅವ್ವ ಒಳಗಿನಿಂದ ಬಂದು ಹಣೆ ಮುಟ್ಟಿದಳು. ಒಲೆಯ ಮುಂದೆ ಅರ್ಧ ಗಂಟೆ ಕೂತ ಹಣೆ ಇನ್ನು ಹೇಗಿದ್ದೀತು?

"ನಂಗೇನಾಗಿಲ್ಲ ಕನವ್ವ! ಒಲೆ ಕಾವು ಕನವ್ವ!"

"ಬಾಯ್ಮುಚ್ಕೊಂಡು ಮನಿಕೋ. ಈ ಬಿಸ್ಲಲ್ಲಿ ಕಳಿಸ್ನಾ ನಿನ್ನ?"

ಅವನಿಗೆ ಕಂಬಳಿ ಹೊದಿಸಿದರು. ನಾನು ಕ್ಯಾರಿಯರ್ ಮೇಲೆ ಕೂತೆ. ದಾರಿಯುದ್ದಕ್ಕೂ ಹಿಂದಿರುಗಿ ನೋಡಲಿಲ್ಲ. ನಾಚಿಕೆಗಲ್ಲ, ಬೀಳುತ್ತೇನೆಂಬ ಭಯಕ್ಕೆ.

ಇಷ್ಟಾಗಿದ್ದರೆ ಮಕ್ಕಳಾಟ ಎನ್ನಬಹುದಿತ್ತು. ತಮ್ಮನಿಂದ ಕದ್ದ ಆ ಮ್ಯಾಟ್ನಿಯಲ್ಲಿ ನಾನು ಇಂಟರ್‌ವಲ್ಲಿಗೆ ಮಾವ ಕೊಡಿಸಿದ ಬನ್ನು ತಿಂದು, ಫ್ಯಾನಿನ ಕೆಳಗೆ ಬೆಂಚಿಗೆ ಒರಗಿ ನಿದ್ದೆಹೋದೆ. ಎದ್ದಾಗ ಜನ ಹೊರಗೆ ಹೋಗುತ್ತಿದ್ದರು. ತಮ್ಮನ ಸಿನಿಮಾವನ್ನು ಕಿತ್ತುಕೊಂಡು ಅದರ ಅರ್ಧವನ್ನು ಬೆಂಚಿನ ಮೇಲೆ ಚೆಲ್ಲಿ ಬಂದವಳು ನಾನು.

ಮನೆಗೆ ಬಂದರೆ ಅವನು ಬಾಗಿಲಲ್ಲೇ ನಿಂತಿದ್ದ. ಅಳಲಿಲ್ಲ, ಬೈಯಲಿಲ್ಲ. "ಕಥೆ ಏಳಕ್ಕ" ಎಂದ.

ಒಬ್ಬರು ನೋಡಿ ಬಂದು ಉಳಿದವರಿಗೆ ಹೇಳುವುದು ನಮ್ಮ ಕೇರಿಯ ವಾಡಿಕೆ. ಇಂಟರ್‌ವಲ್ಲಿನವರೆಗೆ ಚೆನ್ನಾಗಿಯೇ ಹೇಳಿದೆ. ಆಮೇಲೆ? ಹರಿಕಥೆ ದಾಸರು ಕಥೆ ಮರೆತರೆ ಚಿಟಿಕೆ ಬಾರಿಸುತ್ತ ಉಪಕಥೆಗೆ ಹೊರಳುತ್ತಾರೆ, ಜನ ತಲೆದೂಗುತ್ತಾರೆ. ಗಾಡಿಗಟ್ಟಲೆ ಅನ್ನ ತಿನ್ನುವ ರಾಕ್ಷಸನ ಕಥೆಯನ್ನು ಅವರಿಂದಲೇ ಕೇಳಿದ್ದೆ. ಅದನ್ನೇ ತಿರುವಿ ಹಾಕಿದೆ. ಕೇಡಿಗಳು ಮನೆಗೆ ನುಗ್ಗುತ್ತಾರೆ. ಹೀರೋ ಕೈ ಎತ್ತುವ ಹಾಗಿಲ್ಲ. ಅವನು ಎಲೆ ಹಾಕಿ ಎಲ್ಲರನ್ನೂ ಊಟಕ್ಕೆ ಕೂರಿಸುತ್ತಾನೆ. "ಇನ್ನೊಂದು ಮುದ್ದೆ, ಇನ್ನೊಂದು ಮುದ್ದೆ" ಎಂದು ಬಡಿಸುತ್ತಲೇ ಇರುತ್ತಾನೆ. ಮೂರನೇ ಮುದ್ದೆಗೆ ಕೇಡಿಗಳು ಏಳಲಾಗದೆ, ಕೂತಲ್ಲೇ ಕೈಮುಗಿದು "ತಪ್ಪಾಯ್ತು" ಎನ್ನುತ್ತಾರೆ.

ಮಹದೇವ ನೆಲಕ್ಕೆ ಬಿದ್ದು ನಕ್ಕ. ಮರುದಿನ ಮತ್ತೆ ಹೇಳಿಸಿದ, ಅದರ ಮರುದಿನವೂ. ಬಾಳೆದಿಂಡಿಗೆ ಗುದ್ದುವುದನ್ನು ಬಿಟ್ಟ. ಅದು ಒಳ್ಳೆಯದೇ ಆಯಿತೆಂದು ಬಾಳೆಗಿಡಗಳು ಅಂದುಕೊಂಡಿರಬೇಕು, ನಾನಂತೂ ಅಂದುಕೊಂಡೆ.

ಈಗ ಅವನಿಗೂ ತಲೆ ನೆರೆತಿದೆ. ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ, ನಮ್ಮ ಮನೆಯಿಂದ ಎರಡು ಬೀದಿ ಆಚೆ ವಾಸ. ಕೆಲವು ವರ್ಷದ ಹಿಂದೆ, ಅವನೇ ಕೆಲಸ ಕಲಿಸಿದ ಒಬ್ಬ ಮೆಷಿನ್ ಕೆಡಿಸಿ ತಪ್ಪನ್ನು ಇವನ ಮೇಲೆ ಹಾಕಿದ. ಇವನು ತುಟಿ ಬಿಚ್ಚಲಿಲ್ಲ. ಭಾನುವಾರ ಆ ಮನುಷ್ಯನನ್ನು ಮನೆಗೆ ಊಟಕ್ಕೆ ಕರೆದ. ತಿಂಗಳು ಕಳೆದ ಮೇಲೂ, ಅವರ ಮನೆಗೆ ಹೋದಾಗ, ನನ್ನ ಮುಂದೆ ಎಷ್ಟು ಹಿಗ್ಗಿನಿಂದ ಹೇಳಿದ!

"ಮೂರು ಮುದ್ದೆ ಇಕ್ಬುಟ್ಟೆ ಕನಕ್ಕ, ಸಿನಿಮಾದಲ್ಲಿ ಇಕ್ದಂಗೆ. ಏಳಕ್ಕೇ ಆಗ್ನಿಲ್ಲ ಅವ್ನಿಗೆ."

ಪಾತ್ರೆ ಉಜ್ಜುತ್ತಿದ್ದ ಅವನ ಹೆಂಡತಿ ಗೌರಿ ತಲೆ ಎತ್ತದೆ ಅಂದಳು: "ಎದ್ದ ಕಣತ್ಗೆ. ಎದ್ದು ಇವ್ರು ಕೂರ್‍ಬೇಕಾಗಿದ್ದ ಸೂಪರ್‌ವೈಸರ್ ಕುರ್ಚಿ ಮೇಲೆ ಕೂತ್ಕಂಡ. ಇವ್ರು ಗೋಡೌನಲ್ಲಿ ಮೂಟೆ ಎಣಿಸ್ತಾವ್ರೆ."

ಗೌರಿಗೆ ತನ್ನ ಗಂಡನ ಮೇಲೆ ಕೋಪ. ಆ ಕೋಪ ಸಲ್ಲಬೇಕಾದ ವಿಳಾಸ ನನ್ನದು. ಅಂದೇ ಹೇಳಬೇಕಿತ್ತು, "ಲೇ, ಆ ಸೀನು ಸುಳ್ಳು ಕಣೋ" ಎಂದು. ಗುಂಡಿಗೆ ಕಾಜಾ ಹಾಕಬೇಕು ಅಂತ ನೆಪ ಹೇಳಿ ಎದ್ದು ಬಂದೆ.

ಹೋದ ತಿಂಗಳು ಒಂದು ಭಾನುವಾರ ಅವನ ಮಗಳು ಆ ಸಿನಿಮಾವನ್ನು ಮೊಬೈಲಿನಲ್ಲಿ ಹುಡುಕಿದಳು. ಮಹದೇವ ಓಡಿಬಂದು ನನ್ನನ್ನು ಹೊಲಿಗೆ ಮೆಷಿನ್ನಿನ ಮುಂದಿನಿಂದ ಎಬ್ಬಿಸಿಕೊಂಡು ಹೋದ. ಹುಟ್ಟಿದ ಮೇಲೆ ಅವನು ಆ ಸಿನಿಮಾ ನೋಡುತ್ತಿರುವುದು ಅದೇ ಮೊದಲು. ಆದರೂ ಅವನಷ್ಟು ಸಲ ಅದನ್ನು ನೋಡಿದವರು ಯಾರೂ ಇಲ್ಲ. ಜಡೆಯ ಸೀನು ಬರುವುದಕ್ಕೆ ಮೊದಲೇ ನಕ್ಕ. ಇಂಟರ್‌ವಲ್ ಬಂತು. ನಾನು ಚಪ್ಪಲಿಗೆ ಕಾಲು ಚಾಚಿದೆ.

"ಕೂತ್ಕಳಕ್ಕ, ಈಗ್ಲೇ ಮುದ್ದೆ ಸೀನು ಬರಾದು!"

ಬಂದದ್ದು ಬೇರೆ. ಕೇಡಿಗಳು ನುಗ್ಗಿದ ಕೂಡಲೆ ಅಜ್ಜಿಯೇ "ಆಣೆ ಬಿಟ್ಟೆ, ಹೊಡಿ ಮಗಾ" ಎಂದಳು. ಆಮೇಲೆ ಒಡೆಯುವ ಗಾಜು, ಮುರಿಯುವ ಕುರ್ಚಿ, ಹಾರಿಬೀಳುವ ಹತ್ತು ಜನ. ಅಷ್ಟಕ್ಕಾಗಿ ನಾನು ನೀರೊಲೆಯ ಕಾವನ್ನು ಜ್ವರ ಮಾಡಿದ್ದೆ. ಮಹದೇವ ನಗದೆ, ಅಲ್ಲಾಡದೆ, ಶುಭಂ ಎಂಬ ಅಕ್ಷರ ಬರುವವರೆಗೂ ಕಾದ.

"ಕಟ್ ಮಾಡ್ಬುಟ್ಟವ್ರೆ ಕನಕ್ಕ."

ನನ್ನ ಬಾಯಿಂದ ಬಂದ ಮಾತು ಇದು: "ಊ ಕಣೋ. ಮುಂಚೆ ಇತ್ತು."

"ಒಳ್ಳೇ ಸೀನ್ನೇ ತೆಗ್ದವ್ರಲ್ಲ, ಬಡ್ಡೆತ್ತವು! ನೀನೇ ಏಳಕ್ಕ, ಮಗ್ಳು ಕೇಳ್ಲಿ."

ಹೇಳತೊಡಗಿದೆ. ಎಲೆ ಹಾಕಿಸಿದೆ, ಕೇಡಿಗಳನ್ನು ಕೂರಿಸಿದೆ. ಆಗ ಅನ್ನಿಸಿತು, ಪೂರ್ತಿ ನಿಜ ಹೇಳುವ ಧೈರ್ಯವಂತೂ ಇಲ್ಲ, ಚೂರಾದರೂ ಸರಿಮಾಡೋಣ. ಮೂರನೇ ಮುದ್ದೆ ಆದಮೇಲೆ "ಆಗ ಹೀರೋ ಒಬ್ಬ ಕೇಡಿಯ ಕೆನ್ನೆಗೆ ಒಂದೇ ಒಂದು ಬಿಟ್ಟ" ಎಂದೆ.

"ಇಲ್ಲಕ್ಕ!" ಮಹದೇವ ಅಲ್ಲೇ ತಡೆದ. "ಹೊಡೆಯಾದಿಲ್ಲ. ನಿಂಗೆ ಮರ್ತೋಗದೆ. ನಂಗೊತ್ತಿಲ್ವಾ ಆ ಸಿನಿಮಾ?"

ಬಿಚ್ಚಲು ಹೋದ ಹೊಲಿಗೆ ಬಿಡಲಿಲ್ಲ. ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಗೌರಿ ತಟ್ಟೆ ಹಾಕಿದಳು, ಉಪ್ಸಾರು, ಮುದ್ದೆ. ಒಂದು ಮುಗಿಸಿದೆ. ಸಾಕೆಂದರೂ ಎರಡನೆಯದು ಬಂತು. ಅದನ್ನೂ ಮುಗಿಸಿ ತಟ್ಟೆಗೆ ಕೈ ಅಡ್ಡ ಹಿಡಿದೆ.

"ಅಕ್ಕಂಗೆ ಇನ್ನೊಂದು ಮುದ್ದೆ ಇಕ್ಕಮ್ಮಿ" ಎಂದ ಮಹದೇವ, ನಗುತ್ತ.

ಅವನ ಕಣ್ಣಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ನಾನು ಹುಡುಕಿ ನೋಡಿದೆ. ನನ್ನ ಕಥೆಯ ಕೇಡಿಗಳು ಮೂರನೇ ಮುದ್ದೆಗೆ ತಪ್ಪಾಯ್ತು ಎನ್ನುತ್ತಾರೆ. ನಾನು ನನ್ನ ಮೂರನೆಯದಕ್ಕೆ ಇನ್ನೊಂದು ಸೌಟು ಉಪ್ಸಾರು ಹಾಕಿಸಿಕೊಂಡೆ.