ಮೀಸೆ ಇರುವ ಫೋಟೋ

“ಯವ್ವಾ, ಫೋನಿನ್ಯಾಗ ನನ್ನ ಮಾರಿ ತೆಗಿ, ನಮ್ಮ ಮನಿಯವರ ಫೋಟೋ ಹಾಕು.”

ನಾರಾಯಣಪೇಟೆಯ ನಮ್ಮ ಓಣಿಯ ಶರಣಮ್ಮ ತಾವು ನೇಯ್ದ ಸೀರೆಯ ಸೆರಗನ್ನು ತಾವೇ ಹೊದ್ದು, ಫೋಟೋ ತೆಗೆಸಿ ಆನ್‌ಲೈನಿನಲ್ಲಿ ಮಾರುತ್ತಿದ್ದರು.

“ಸೀರಿ ಕೇಳೋರು ಇಬ್ಬರು, ವಿಡಿಯೋ ಕಾಲ್ ಮಾಡಿ ನನ್ನ ಕೇಳೋರು ಹತ್ತು ಮಂದಿ. ಅರವತ್ತು ದಾಟ್ಯಾವ ಅಂದ್ರೂ ಬಿಡವಲ್ಲರು.”

ವಾರವಿಡೀ ಆ ನಂಬರುಗಳನ್ನು ಬ್ಲಾಕ್ ಮಾಡಿಕೊಟ್ಟಿದ್ದೆ. ಹೊಸವು ಬರುತ್ತಲೇ ಇದ್ದವು.

“ಕಾಕಾ ತೀರಿಕೊಂಡು ಒಂಬತ್ತು ವರ್ಷ ಆತಲ್ರೀ?” ಎಂದೆ.

“ಆಗಲಿ ಬಿಡು. ಮೀಸಿ ಐತಲ್ಲ!”

ಪ್ರೊಫೈಲಿನಲ್ಲಿ ಕಾಕಾನ ಫೋಟೋ ಹಾಕಿದೆ. ಈಗ ಮಾರಾಟದ ಫೋಟೋಗಳಲ್ಲಿ ಸೀರೆ ಮಗ್ಗದ ಮೇಲೆ ಹರಡಿರುತ್ತದೆ. ಬರುವ ಸಂದೇಶಗಳೆಲ್ಲ ‘ಅಣ್ಣಾ, ಬೆಲೆ ಎಷ್ಟು?’ ಎಂದೇ ಕೇಳುತ್ತವೆ.

ಶರಣಮ್ಮನಿಗೆ ನಿರಾಳವಾಯಿತು. ನಾನೂ ನಾಲ್ಕು ವರ್ಷಗಳಿಂದ ನನ್ನ ಪ್ರೊಫೈಲಿನಲ್ಲಿ ಮುಖದ ಬದಲು ಮಲ್ಲಿಗೆ ಹೂವಿನ ಚಿತ್ರವಿಟ್ಟುಕೊಂಡಿದ್ದೇನೆ. ಅದನ್ನು ಅವರಿಗೆ ಹೇಳಲಿಲ್ಲ.